ಹನ್ನೊಂದು ಗಂಟೆಯ ಆಟ ಯಾರದು

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ, ಔಷಧಿ ಬಾಟಲಿಗಳ ಮುಚ್ಚಳ ತಯಾರಿಸುವ ಕಾರ್ಖಾನೆಯ ಚೆಕಿಂಗ್ ಬೆಲ್ಟಿನ ಮುಂದೆ ನಿಂತಿದ್ದೆ. ಬಿಳಿ ಮುಚ್ಚಳಗಳು ಸಾಲಾಗಿ ಬರುತ್ತವೆ. ಸೀಳಿದ್ದು, ಅಂಚು ವಕ್ರವಾದದ್ದು ಕಂಡರೆ ತೆಗೆದು ಕೆಂಪು ಡಬ್ಬಿಗೆ ಹಾಕಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಎಷ್ಟು ತೆಗೆದೆ ಎಂದು ಚೀಟಿಯಲ್ಲಿ ಬರೆಯಬೇಕು. ಅದಕ್ಕೇ ಸಮಯ ನೆನಪಿದೆ. 9.40 ಎಂದು ಬರೆದೆ. ಕೈಯಲ್ಲೊಂದು ಸೀಳಿದ ಮುಚ್ಚಳವಿತ್ತು. ಕೆಂಪು ಡಬ್ಬಿ ನೋಡಿದೆ. ಅದು ಯಾಕೆ ಅಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ.

ಎರಡು ದಿನದಿಂದ ಜ್ವರವಿತ್ತು, ತಲೆನೋವಿತ್ತು. ಮಾತ್ರೆ ನುಂಗಿ ಕೆಲಸಕ್ಕೆ ಬಂದಿದ್ದೆ. ಮುಂದಿನದೆಲ್ಲ ಪಕ್ಕದಲ್ಲಿ ನಿಂತಿದ್ದ ನನ್ನ ರೂಮ್‌ಮೇಟ್ ಹೇಳಿದ್ದು. ಮುಚ್ಚಳವನ್ನು ಅವಳ ಕೈಗೆ ಕೊಟ್ಟು "ಇದು ನಿಮ್ದಾ?" ಎಂದೆನಂತೆ. ಆಮೇಲೆ ಬಿದ್ದು, ಕೈಕಾಲು ಸೆಟೆದುಕೊಂಡಿತಂತೆ.

ಒಂಬತ್ತನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಬಸ್ಸು ಎಷ್ಟು ನಿಮಿಷ ತಡವಾಯಿತು, ಎಷ್ಟು ಮುದ್ದೆ ತಿಂದೆ ಎನ್ನುವುದನ್ನೂ ಬರೆಯುವವಳು. "ನೀನು ಸೀನಿದ್ದನ್ನೂ ಲೆಕ್ಕ ಇಡ್ತೀಯ ಕಣೇ" ಎಂದು ಶಬಾನಾ ರೇಗಿಸುತ್ತಾಳೆ. ಅವಳು ಶಿಡ್ಲಘಟ್ಟದಲ್ಲಿ ನನ್ನ ಜೊತೆ ಹೈಸ್ಕೂಲು ಓದಿದವಳು, ಈಗ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಇಂಥ ನನ್ನ ದಿನಚರಿಯಲ್ಲಿ ಹತ್ತೊಂಬತ್ತು ದಿನ ನಾನು ಒಂದಕ್ಷರವನ್ನೂ ಬರೆದಿಲ್ಲ.

ಹಾಳೆಗಳು ಮಾತ್ರ ಖಾಲಿಯಿಲ್ಲ. ರೂಮ್‌ಮೇಟ್ ನನ್ನ ಬ್ಯಾಗನ್ನು ಬೆಂಗಳೂರಿನ ಆಸ್ಪತ್ರೆಗೆ ತಂದುಕೊಟ್ಟಾಗ ಅಮ್ಮನಿಗೆ ದಿನಚರಿ ಸಿಕ್ಕಿತು. ಅಮ್ಮ ಓದಿದ್ದು ಏಳನೇ ತರಗತಿ. ಐಸಿಯು ಹೊರಗಿನ ಕಬ್ಬಿಣದ ಬೆಂಚಿನಲ್ಲಿ ಕೂತು ದಿನಕ್ಕೊಂದು ಸಾಲು ಬರೆದಿದ್ದಾರೆ. ಫೆಬ್ರವರಿ 12: "ಕಣ್ಣು ಬಿಡಲಿಲ್ಲ." 13: "ಕಣ್ಣು ಬಿಡಲಿಲ್ಲ." 15: "ಕಣ್ಣು ಬಿಟ್ಟಳು. ನನ್ನನ್ನು ಅತ್ತೆ ಅಂದಳು." 19: "ಎರಡು ಚಮಚ ಗಂಜಿ." 23: "ಅವಳ ಹೆಸರು ಅವಳೇ ಹೇಳಿದಳು." ವೈರಸ್ಸಿನಿಂದ ಮಿದುಳು ಊದಿಕೊಂಡಿತ್ತು ಎಂದು ಡಾಕ್ಟರು ಬರೆದ ನಾಲ್ಕು ಪುಟದ ಕಾಗದ ನನ್ನ ಬಳಿಯಿದೆ. ನನ್ನ ಕಾಯಿಲೆ ಏನಿತ್ತೆಂದು ನನಗೆ ಅರ್ಥವಾದದ್ದು ಅಮ್ಮನ ಈ ಸಾಲುಗಳಿಂದ.

ಮಾರ್ಚ್ 2ರಂದು ಮೇಲೂರಿನ ನಮ್ಮ ಮನೆಗೆ ಬಂದೆವು. ನಮ್ಮದು ಎರಡು ಎಕರೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ನೋಡಲು ಬಂದವರೆಲ್ಲ ನನ್ನ ಮುಂದೆ ಕೂತು "ನಾನ್ಯಾರು ಹೇಳು?" ಎಂದು ಪರೀಕ್ಷೆ ಮಾಡುತ್ತಿದ್ದರು. ಅಪ್ಪನ ತಾಯಿ, ನನ್ನ ಅಜ್ಜಿ, ಬಾಗಿಲಲ್ಲಿ ನಿಂತು ಅವರನ್ನೆಲ್ಲ ಓಡಿಸಿದರು. ರೇಷ್ಮೆ ಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ನಮ್ಮ ಕಡೆ ಅದನ್ನೂ ಜ್ವರ ಎನ್ನುತ್ತಾರೆ. "ಹುಳ ಜ್ವರಕ್ಕೆ ಕೂತಾಗ ಯಾರಾನಾ ಮುಟ್ತಾರಾ? ಸುಮ್ಕೆ ಬಿಡ್ರಮ್ಮ. ಎದ್ದ ಮ್ಯಾಲೆ ತಾನೇ ಮೇಯ್ತದೆ" ಎಂದರು ಅಜ್ಜಿ.

ನಾನೇನೋ ಎದ್ದೆ, ಆದರೆ ಸರಿಯಾಗಿ ಎದ್ದಿರಲಿಲ್ಲ. ಮೊದಲ ವಾರದ ಲೆಕ್ಕ ಹೀಗಿದೆ: ಒಲೆ ಹಚ್ಚಿ ಮರೆತದ್ದು ನಾಲ್ಕು ಸಲ, ಗೊತ್ತಿರುವವರ ಹೆಸರು ಬಾರದ್ದು ಹನ್ನೊಂದು ಸಲ, ಕೇಳಿದ್ದನ್ನೇ ಮತ್ತೆ ಕೇಳಿದ್ದು, ಅಮ್ಮ ಎಣಿಸಿದಂತೆ, ಇಪ್ಪತ್ತಾರು ಸಲ. ಕಾರ್ಖಾನೆಯವರು ಒಳ್ಳೆಯವರು. ಜುಲೈ ಕೊನೆಯವರೆಗೆ ಜಾಗ ಇಟ್ಟಿರುತ್ತೇವೆ, ಕೆಲಸಕ್ಕೆ ಬರಬಹುದೆಂದು ಆಸ್ಪತ್ರೆಯಿಂದ ಪತ್ರ ತನ್ನಿ, ನಮ್ಮದೂ ಒಂದು ಚಿಕ್ಕ ಪರೀಕ್ಷೆ ಇರುತ್ತದೆ ಎಂದು ಫೋನಿನಲ್ಲಿ ಹೇಳಿದರು. ದಿನಚರಿಯ ಜುಲೈ 31ರ ಹಾಳೆಯ ಮೂಲೆ ಮಡಚಿಟ್ಟೆ. ಮೂರು ವರ್ಷ ಆ ಬೆಲ್ಟಿನ ಮುಂದೆ ನಿಂತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಸೀಳು ಮುಚ್ಚಳ ಹೋಗುವುದಿಲ್ಲ ಎನ್ನುವುದೊಂದೇ ಆಗ ನನಗಿದ್ದ ಹೆಮ್ಮೆ.

ಮಾರ್ಚ್ 24, ಸೋಮವಾರ, ಚಿಕ್ಕಬಳ್ಳಾಪುರದ ಆಸ್ಪತ್ರೆ. ಟೋಕನ್ 17. ಒಳಗೆ ಹೋಗಲು ಎರಡು ಗಂಟೆ ಹತ್ತು ನಿಮಿಷ ಕಾದೆವು. ಪಕ್ಕದಲ್ಲಿ ಎಡಗೈ ಸೋತ ಒಬ್ಬ ಹಿರಿಯರು ಸ್ಪಂಜಿನ ಚೆಂಡು ಹಿಸುಕುತ್ತಾ ಕೂತಿದ್ದರು.

"ಏನಮ್ಮಾ, ಇಷ್ಟು ಚಿಕ್ಕ ವಯಸ್ಸು, ನಿಮಗೇನಾಯ್ತು?" ಎಂದು ಕೇಳಿದರು.

"ನೆನಪು ಸರಿಯಿಲ್ಲ."

"ಪುಣ್ಯವಂತೆ. ನಾನು ಒಂದಷ್ಟು ಮರೀಬೇಕು ಅಂತ ನಲವತ್ತು ವರ್ಷದಿಂದ ಒದ್ದಾಡ್ತಿದೀನಿ" ಎಂದರು. ಕಾಯಿಲೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಅಲ್ಲಿ. ಸಮಯ 12.25.

ಒಳಗೆ, ನೆನಪಿನ ತರಬೇತಿ ಕೊಡುವ ಮೇಡಂ ಒಂದು ಟ್ಯಾಬ್ ಕೊಟ್ಟರು. ಅದರಲ್ಲಿ ಮೂರು ಆಟಗಳು. ಇಸ್ಪೀಟಿನಂತೆ ಮುಚ್ಚಿಟ್ಟ ಎಲೆಗಳಲ್ಲಿ ಜೋಡಿ ಹುಡುಕುವುದು. ದೀಪಗಳು ಹತ್ತಿದ ಕ್ರಮದಲ್ಲೇ ಮುಟ್ಟುವುದು. ಮೂರನೆಯದು, ತೆರೆಯ ತುಂಬ ಒಂದೇ ಥರದ ಹಕ್ಕಿಗಳು, ಅದರಲ್ಲೊಂದರ ರೆಕ್ಕೆ ಮಾತ್ರ ಚೂರು ಬೇರೆ, ಅದನ್ನು ಮುಟ್ಟುವುದು. ಮುಟ್ಟಿದರೆ ಹೊಸ ಹಕ್ಕಿಗಳು ಬರುತ್ತವೆ. ಎರಡು ನಿಮಿಷದಲ್ಲಿ ಎಷ್ಟು ಹಕ್ಕಿಯೋ ಅಷ್ಟು ಅಂಕ.

"ದಿನಕ್ಕೆ ಮೂರು ಹೊತ್ತು ಆಡಿ. ಅಂಕ ನಂಗೆ ಇಲ್ಲೇ ಕಂಪ್ಯೂಟರಲ್ಲಿ ಕಾಣತ್ತೆ. ಒಬ್ಬರೇ ಆಡಿದ್ರೆ ಹತ್ತು ದಿನಕ್ಕೆ ಬೇಜಾರಾಗತ್ತೆ, ಮನೆಯವರನ್ನ, ಫ್ರೆಂಡ್ಸನ್ನ ಕೂರಿಸ್ಕೊಳ್ಳಿ" ಎಂದರು ಮೇಡಂ. ಆಮೇಲೆ ಅಮ್ಮನ ಕಡೆ ತಿರುಗಿ, "ಒಂದು ಹೊತ್ತೂ ತಪ್ಪಬಾರದು, ನೀವು ನೋಡ್ಕೋಬೇಕು" ಎಂದರು.

ಅಮ್ಮ ತಲೆಯಾಡಿಸಿದರು. ಹೊತ್ತು ತಪ್ಪಬಾರದು ಎನ್ನುವುದನ್ನು ಅಮ್ಮನಿಗೆ ಯಾರೂ ಕಲಿಸಬೇಕಾಗಿಲ್ಲ. ಹುಳುವಿಗೆ ಬೆಳಿಗ್ಗೆ ಏಳು, ಹನ್ನೊಂದು, ಸಂಜೆ ಐದಕ್ಕೆ ಸೊಪ್ಪು ಬೀಳಲೇಬೇಕು. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಯಾರು ಇದ್ದಾರೋ ಅವರು ಹಾಕುತ್ತಾರೆ. ನನ್ನ ಆಟಕ್ಕೂ ಅಮ್ಮ ಅದೇ ಮೂರು ಹೊತ್ತನ್ನು ಗೊತ್ತು ಮಾಡಿದರು.

ಶುರುವಿನಲ್ಲಿ ಹಕ್ಕಿ ಆಟದಲ್ಲಿ ನನ್ನ ಅಂಕ 14. ಮರುದಿನ 16. ಸಂಜೆ ಐದರ ಆಟಕ್ಕೆ ಮನೆಯವರೆಲ್ಲ ಸುತ್ತ ಕೂರುತ್ತಿದ್ದರು. ಅಪ್ಪ ಜೋಡಿ ಎಲೆ ಆಟದಲ್ಲಿ ದಿನವೂ ನನಗೆ ಸೋಲುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಬರುತ್ತಿದ್ದ ಶಬಾನಾ ಮಾತ್ರ ನನ್ನನ್ನು ದಯೆಯಿಲ್ಲದೆ ಸೋಲಿಸುತ್ತಿದ್ದಳು.

"ರೋಗಿ ಅಂತ ಸ್ವಲ್ಪನಾದ್ರೂ ಕರುಣೆ ಇಲ್ವೇನೇ?" ಎಂದು ಕೇಳಿದೆ.

"ನಮ್ ಕ್ಲಾಸಲ್ಲಿ ಮೂವತ್ತೆಂಟು ಮಕ್ಕಳವ್ರೆ. ಜ್ವರ ಅಂದವರಿಗೆಲ್ಲ ಮಾರ್ಕ್ಸ್ ಕೊಟ್ಟಿದ್ರೆ ನನ್ನನ್ನ ಮನೇಗೆ ಕಳಿಸ್ತಿದ್ರು. ಆಡಮ್ಮಾ."

ಏಪ್ರಿಲ್ 3, ಗುರುವಾರ. ಸಂಜೆ ಅಂಕಗಳನ್ನು ಟ್ಯಾಬಿನಿಂದ ದಿನಚರಿಗೆ ಇಳಿಸುವಾಗ ಬೆಳಿಗ್ಗೆ 11.12ಕ್ಕೆ ಒಂದು ಆಟ ಕಂಡಿತು. ಹಕ್ಕಿ, ಅಂಕ 33. ಆ ಆಟ ಆಡಿದ್ದು ನನಗೆ ನೆನಪಿರಲಿಲ್ಲ.

ಫಿಟ್ಸ್ ಬಾರದಂತೆ ಕೊಟ್ಟಿದ್ದ ಮಾತ್ರೆ ತಿಂಡಿಯ ನಂತರ ನುಂಗಿದರೆ ಹತ್ತು ಗಂಟೆಗೆ ಕಣ್ಣು ಎಳೆಯುತ್ತಿತ್ತು. ಕೆಲವು ದಿನ ಹನ್ನೊಂದಕ್ಕೆ ಎದ್ದು ಆಡುತ್ತಿದ್ದೆ, ಕೆಲವು ದಿನ ಹನ್ನೆರಡರವರೆಗೂ ನಿದ್ದೆ. ಆಡಿ ಮತ್ತೆ ಮಲಗಿರಬೇಕು, ಮರೆತಿದ್ದೇನೆ ಎಂದುಕೊಂಡೆ. ಅಂಕದ ಪಕ್ಕ ಸಣ್ಣ ಸೊನ್ನೆ ಬರೆದೆ. ಸೊನ್ನೆ ಎಂದರೆ ಆಡಿದ್ದೇನೆ, ನೆನಪಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಸೊನ್ನೆಗಳು ಹದಿನಾಲ್ಕಾದವು. ವಿಚಿತ್ರವೆಂದರೆ ಸೊನ್ನೆ ಬಿದ್ದ ಆಟಗಳ ಅಂಕವೇ ಹೆಚ್ಚು: 48, 52, 57. ಎಚ್ಚರವಿದ್ದಾಗ 30 ದಾಟಲು ಹೆಣಗುವವಳು, ನೆನಪೇ ಇಲ್ಲದ ಹೊತ್ತಿನಲ್ಲಿ ಇಷ್ಟು ಚೆನ್ನಾಗಿ ಆಡುತ್ತಿದ್ದೆ.

ಈ ಕಾಯಿಲೆಯಲ್ಲಿ ನಾನು ನಿಜವಾಗಿ ಹೆದರಿದ್ದು ಆ ತಿಂಗಳು. ಆಸ್ಪತ್ರೆಯ ಹತ್ತೊಂಬತ್ತು ದಿನ ನನಗೆ ಗೊತ್ತೇ ಇಲ್ಲವಾದ್ದರಿಂದ ಅದಕ್ಕೆ ಹೆದರಲಾರೆ. ಇದು ನನ್ನ ಕಣ್ಣ ಮುಂದೆ, ನನ್ನದೇ ಅಕ್ಷರದಲ್ಲಿ ನಡೆಯುತ್ತಿತ್ತು. ದಿನಕ್ಕೆ ಅರ್ಧ ಗಂಟೆ ನಾನೆಲ್ಲೋ ಕಳೆದುಹೋಗುತ್ತಿದ್ದೇನೆ, ಆಗ ನನ್ನ ಕೈ ತಾನೇ ಕೆಲಸ ಮಾಡುತ್ತಿದೆ. ಬೆಲ್ಟಿನ ಮುಂದೆ ಹೀಗಾದರೆ? ಬಸ್ಸಿಳಿದು ರಸ್ತೆ ದಾಟುವಾಗ ಆದರೆ? ಯಾರಿಗೂ ಹೇಳಲಿಲ್ಲ. ಹೇಳಿದರೆ ಪತ್ರ ಸಿಗುವುದಿಲ್ಲ.

ಮೇ 5ರಂದು ಮೇಡಂ ಕಂಪ್ಯೂಟರ್ ನೋಡಿ ಹುಬ್ಬೇರಿಸಿದರು. "ತುಂಬ ಚೆನ್ನಾಗಿ ಬರ್ತಿದೆ ಭವ್ಯ. ಹೀಗೇ ಇದ್ರೆ ಮುಂದಿನ ಸಲ ಪತ್ರ ಬರೆದುಕೊಡ್ತೀನಿ." ಅಮ್ಮನ ಮುಖ ಅರಳಿತು. ನಾನು ಸೀರಿಯಸ್ಸಾಗಿ ನೆಲ ನೋಡುತ್ತಾ ಕೂತೆ.

ಮುಂದಿನ ಸಲವೆಂದರೆ ಮೇ 19. ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಲು ನಿರ್ಧರಿಸಿದೆ. ಮೇ 12ರಿಂದ, ಆಟ ಮುಗಿದ ತಕ್ಷಣ ಅಂಕವನ್ನು ಎಡ ಅಂಗೈ ಮೇಲೆ ಪೆನ್ನಿನಿಂದ ಬರೆಯುವುದು. ಮನಸ್ಸು ಮರೆತರೂ ಅಂಗೈ ಮರೆಯುವುದಿಲ್ಲವಲ್ಲ. ಮೇ 15, ಗುರುವಾರ, ಟ್ಯಾಬಿನಲ್ಲಿ 11.09ಕ್ಕೆ 68. ಅಂಗೈ ನೋಡಿಕೊಂಡೆ. ಬೆಳಿಗ್ಗೆಯ 36 ಅಷ್ಟೇ ಇತ್ತು. ಮೇ 16ರಂದೂ ಹಾಗೆಯೇ ಆಯಿತು. ಹಾಸಿಗೆಯಲ್ಲಿ ಕೂತು ಬಹಳ ಹೊತ್ತು ಅಂಗೈ ನೋಡಿದೆ. ನಾನು ಆಡಿದ್ದರೆ ಬರೆಯುತ್ತಿದ್ದೆ. ಲೆಕ್ಕ ಬರೆಯುವುದನ್ನು ಬಿಟ್ಟವಳು ನಾನಾಗಿರಲು ಸಾಧ್ಯವಿಲ್ಲ.

ಮೇ 17, ಶನಿವಾರ. ಮಾತ್ರೆ ನುಂಗಿ, ಮುಖಕ್ಕೆ ತಣ್ಣೀರು ಹಾಕಿಕೊಂಡು, ಹೊದ್ದು ಮಲಗಿದಂತೆ ಮಾಡಿದೆ. 11.05ಕ್ಕೆ ಹುಳು ಮನೆಯಿಂದ ಅಮ್ಮ, ಅಜ್ಜಿ ಸೊಪ್ಪು ಹಾಕಿ ಬಂದ ಸದ್ದು. ಗೂಟದ ಮೇಲಿನ ಬ್ಯಾಗಿನಿಂದ ಟ್ಯಾಬ್ ತೆಗೆದ ಸದ್ದು. ಆಮೇಲೆ ಪಡಸಾಲೆಯಿಂದ ಪಿಸುಮಾತು.

"ಅತ್ತೆ, ಕನ್ನಡಕ ಹಾಕ್ಕೊಳ್ಳಿ."

"ಹಾಕಿದೀನಿ, ನೀ ಒತ್ತಮ್ಮ."

ಅಜ್ಜಿಯ ತವರು ಚಿಂತಾಮಣಿಯ ಆಚೆ, ಆಂಧ್ರದ ಗಡಿ. ಮನೆಯಲ್ಲಿ ಕನ್ನಡ ಆಡಿದರೂ ಎಣಿಸುವುದು ಮಾತ್ರ ತೆಲುಗಿನಲ್ಲೇ. "ಒಕಟಿ... ರೆಂಡು... ಮೂಡು... ನಾಲುಗು..." ಒಂದು ಹಕ್ಕಿಯೂ ತಪ್ಪದೆ ಎಣಿಕೆ ಓಡುತ್ತಿತ್ತು. ಅರವತ್ತು ದಾಟಿತು. ಎಪ್ಪತ್ತು ದಾಟಿತು.

ಎದ್ದು ಬಾಗಿಲಿಗೆ ಹೋಗಿ ನಿಂತೆ. ಅಜ್ಜಿ ಕಾಲು ಚಾಚಿ ಕೂತಿದ್ದರು, ಮಡಿಲಲ್ಲಿ ಟ್ಯಾಬ್. ಬೆರಳಲ್ಲಿ ಇನ್ನೂ ಹಿಪ್ಪುನೇರಳೆಯ ಹಸಿರು. ಅಮ್ಮ ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು.

"ಎಷ್ಟು ದಿನದಿಂದ ಇದು?" ಎಂದೆ.

"ನೀನು ಮಲಗಿರ್ತಿದ್ದೆ ಕಣೇ" ಎಂದರು ಅಮ್ಮ. "ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಒಂದು ಹೊತ್ತೂ ತಪ್ಪಬಾರದು ಅಂದಿದ್ರಲ್ಲ ಮೇಡಂ. ನನಗೆ ಆ ಹಕ್ಕಿ ಕಾಣಲ್ಲ, ಅದಕ್ಕೆ ಅತ್ತೆ ಕೈಲಿ ಹಾಕಿಸ್ದೆ."

"ಹಾಕಿಸೋಕೆ ಅದೇನು ಸೊಪ್ಪೇನಮ್ಮಾ?"

"ಹೊತ್ತಿಗೆ ಬೀಳ್ಬೇಕು ತಾನೆ" ಎಂದರು ಅಜ್ಜಿ, ತಲೆಯೆತ್ತದೆ. "ಯಾರ್ ಹಾಕಿದ್ರೇನು? ಸ್ವಲ್ಪ ತಡಿ, ಇನ್ನೂ ಮುಗಿದಿಲ್ಲ."

ಮುಗಿಯಿತು. 74.

ನನಗೆ ಕೋಪ ಬರಬೇಕಿತ್ತು. ಆದರೆ ಹೊಸ್ತಿಲ ಮೇಲೆ ಕೂತು ನಕ್ಕೆ, ಆಮೇಲೆ ಅತ್ತೆ. ನಾನು ಮರೆತಿರಲಿಲ್ಲ. ಮರೆಯಲು ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತಮೂರು ಸೊನ್ನೆಗಳಲ್ಲಿ ಒಂದೂ ನನ್ನದಲ್ಲ. ಈ ಒಂದೂವರೆ ತಿಂಗಳು ನಾನೇನು ಅಂದುಕೊಂಡಿದ್ದೆ ಎಂದು ಹೇಳಿದಾಗ ಅಮ್ಮ ನನ್ನ ಅಂಗೈಯನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದರು. ಪೆನ್ನಿನ ಗುರುತು ಹೋಗಲಿಲ್ಲ.

ಮರುದಿನ ಬಂದ ಶಬಾನಾಗೆ ಎಲ್ಲ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ, "ನಾಳೆ ಮೇಡಂಗೆ ಹೇಳ್ತೀಯ ತಾನೆ?" ಎಂದಳು.

"ಹೇಳಿದ್ರೆ ಪತ್ರ ಕೊಡಲ್ಲ."

"ಹೇಳ್ದಿದ್ರೆ ಬೆಲ್ಟಿನ ಮುಂದೆ ಯಾರು ನಿಲ್ತಾರೆ, ಅಜ್ಜೀನಾ?"

ಮೇ 19ರಂದು ದಿನಚರಿಯನ್ನೇ ಮೇಡಂ ಮುಂದೆ ಬಿಚ್ಚಿಟ್ಟೆ. ಅವರು ಸೊನ್ನೆ ಬಿದ್ದ ಆಟಗಳನ್ನೆಲ್ಲ ಒಂದೊಂದಾಗಿ ಗುರುತಿಸಿ ಲೆಕ್ಕದಿಂದ ತೆಗೆದರು. ಉಳಿದವುಗಳಲ್ಲಿ ಕಳೆದ ವಾರದ ನನ್ನ ಸರಾಸರಿ 37. ಪತ್ರ ಇಲ್ಲ. "ನಾನೂ ಸರಿಯಾಗಿ ಹೇಳಬೇಕಿತ್ತು" ಎಂದರು. ನಿದ್ದೆ ಬರುವ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ಹನ್ನೊಂದರ ಆಟವನ್ನು ಮಧ್ಯಾಹ್ನ ಎರಡಕ್ಕೆ ಹಾಕಿದರು. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರಿನಲ್ಲಿ ಖಾತೆ ತೆರೆದುಕೊಟ್ಟರು. ಕೊನೆಗೆ ಕೇಳಿದರು, "74 ತೆಗೆದವರ ವಯಸ್ಸೆಷ್ಟು?"

"ಎಪ್ಪತ್ತು ದಾಟಿದೆ. ಸರಿಯಾಗಿ ಅವರಿಗೇ ಗೊತ್ತಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು.

ವಾಪಸ್ ಬರುವಾಗ, ಮೇಲೂರಿನಲ್ಲಿ ಬಸ್ಸಿಳಿದ ಮೇಲೆ, "ನಾನೇ ಕೆಡಿಸ್ದೆ ಅಲ್ವಾ?" ಎಂದರು ಅಮ್ಮ. ಇಲ್ಲಮ್ಮ ಎಂದೆ. ದಿನಚರಿಯಲ್ಲಿ ನನ್ನ ಕೈಯಲ್ಲಿ ಬರೆಯಲಾಗದ ಹತ್ತೊಂಬತ್ತು ದಿನವನ್ನೂ ಅಮ್ಮ ಹೀಗೆಯೇ ತುಂಬಿಸಿದ್ದರು. ಅದನ್ನು ಬೇಕೆಂದು, ಇದನ್ನು ಬೇಡವೆಂದು ನಾನು ಹೇಗೆ ಹೇಳಲಿ?

ಅಂದಿನಿಂದ ಮನೆಯಲ್ಲಿ ಒಂದೇ ನಿಯಮ: ಬೇಕೆಂದು ಯಾರೂ ಸೋಲುವ ಹಾಗಿಲ್ಲ. ಅಪ್ಪ ಇಷ್ಟು ದಿನ ನನಗಾಗಿ ಸೋಲುತ್ತಿದ್ದಾರೆ ಎಂದುಕೊಂಡಿದ್ದೆ. ನಿಯಮ ಬಂದ ಮೇಲೂ ದಿನವೂ ಸೋತರು. "ನಾನು ಮೊದಲಿಂದ್ಲೂ ನಿಯತ್ತಾಗೇ ಸೋತಿರೋದು" ಎಂದು ಹೇಳಿಕೊಂಡು ತಿರುಗಿದರು.

ಜೂನ್ ಮೊದಲ ವಾರ ಹುಳುಗಳು ಹಣ್ಣಾದವು. ಗೂಡು ಕಟ್ಟಲು ಸಿದ್ಧವಾದ ಹುಳುವಿನ ಮೈಗೆ ತೆಳು ಹಳದಿ ಬಣ್ಣ ಬಂದು, ಒಳಗೆ ಬೆಳಕು ಹಾದಂತೆ ಕಾಣುತ್ತದೆ. ಸಾವಿರಾರು ಹುಳುಗಳ ನಡುವೆ ಅಂಥವನ್ನು ಮಾತ್ರ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಒಂದೊಂದೇ ಹುಳು ನೋಡುತ್ತಾ ಹೋಗುತ್ತಿದ್ದೆ.

"ಹಂಗೆ ಹುಡುಕಬ್ಯಾಡ ಭವ್ಯಮ್ಮ. ಎಲ್ಲಾನೂ ಒಟ್ಟಿಗೆ ನೋಡು. ಬ್ಯಾರೆ ಇರೋದು ತಾನೇ ನಿನ್ ಹತ್ರ ಬರ್ತದೆ."

"ಹಕ್ಕೀನೂ ಹಿಂಗೇ ಹಿಡಿದ್ಯಾ ಅಜ್ಜಿ?"

"ಮತ್ತೆ? ಹಕ್ಕಿ ಸುಲಭ. ಅದು ತೆವಳಲ್ಲ."

ಆ ದಿನ ನಾನು ಆರಿಸಿದ ಮೊದಲ ನೂರು ಹುಳುಗಳಲ್ಲಿ ಅಜ್ಜಿ ವಾಪಸ್ ಹಾಕಿದ್ದು 19. ಮರುದಿನ 8. ಸಂಜೆಯ ಹಕ್ಕಿ ಆಟದಲ್ಲಿ ಜೂನ್ 8ಕ್ಕೆ 45, 15ಕ್ಕೆ 52, 22ಕ್ಕೆ 60. ಎಲ್ಲವೂ ಅಂಗೈ ಮೇಲೆ, ಆಮೇಲೆ ದಿನಚರಿಯಲ್ಲಿ. ಈಗ ಅಂಗೈ ಮೇಲೆ ಬರೆಯುವ ಅಗತ್ಯವಿರಲಿಲ್ಲ. ಇಷ್ಟಪಟ್ಟು ಬರೆದುಕೊಳ್ಳುತ್ತಿದ್ದೆ.

ಜೂನ್ 29, ಭಾನುವಾರ, ಸಂಜೆ 5.20. ಶಬಾನಾ ಅಂಪೈರ್. ಅಜ್ಜಿ ಮೊದಲು ಆಡಿ 70 ಮಾಡಿದರು. ನಾನು ಟ್ಯಾಬ್ ತೆಗೆದುಕೊಂಡೆ. ಹುಡುಕಲಿಲ್ಲ, ಎಲ್ಲವನ್ನೂ ಒಟ್ಟಿಗೆ ನೋಡಿದೆ. ಎರಡು ನಿಮಿಷ ಮುಗಿಯಿತು. ಶಬಾನಾ ಟ್ಯಾಬ್ ಕಿತ್ತುಕೊಂಡು ಓದಿದಳು: "ಎಪ್ಪತ್ತೊಂದು."

ಮೊದಲು ನನಗೆ ಬಂದದ್ದು ಸಂತೋಷವಲ್ಲ, ಅನುಮಾನ. ಅಜ್ಜಿ ನನಗಾಗಿ ಎರಡು ಮೂರು ಹಕ್ಕಿ ಬಿಟ್ಟುಕೊಟ್ಟರೋ ಏನೋ. ಅವರ ಮುಖ ನೋಡಿದೆ. ಅಜ್ಜಿ ಕನ್ನಡಕ ತೆಗೆದು ಸೀರೆಯಲ್ಲಿ ತಿಕ್ಕುತ್ತಿದ್ದರು, ತುಟಿ ಬಿಗಿದಿತ್ತು.

"ಮಧ್ಯದಲ್ಲಿ ಇವ್ಳು ಕೆಮ್ಮಿದ್ಲು" ಎಂದು ಅಮ್ಮನ ಕಡೆ ಕೈ ತೋರಿಸಿದರು. "ಅದು ಲೆಕ್ಕಕ್ಕಿಲ್ಲ. ಇನ್ನೊಂದು ಆಟ ಇಕ್ಕು."

"ಅಜ್ಜಿ, ರೂಲ್ಸ್ ಅಂದ್ರೆ ರೂಲ್ಸ್" ಎಂದಳು ಶಬಾನಾ.

"ನಿನ್ ರೂಲ್ಸ್ ನಿನ್ ಇಸ್ಕೂಲಲ್ಲಿ ಇಟ್ಕೊ. ಏಯ್ ಭವ್ಯ, ಎಲ್ಲೋಗ್ತೀಯ, ಕೂತ್ಕೊ."

ಆ ಸಿಟ್ಟು ನನಗೆ ಸಿಕ್ಕ ಎಲ್ಲ ಕಾಗದಗಳಿಗಿಂತ ದೊಡ್ಡ ಸರ್ಟಿಫಿಕೇಟು. ಹಿತ್ತಲಿಗೆ ಹೋಗಿ, ಅಂಗೈ ಮೇಲೆ 71 ಎಂದು ಬರೆದು, ಒಣಗುವವರೆಗೆ ಬಿಸಿಲಿಗೆ ಹಿಡಿದು ನಿಂತೆ.

ಮರುದಿನ, ಜೂನ್ 30ರಂದು, ಮೇಡಂ ತಮ್ಮದೇ ಬೇರೆ ಪರೀಕ್ಷೆಗಳನ್ನು ಮುಕ್ಕಾಲು ಗಂಟೆ ಮಾಡಿ, ಪತ್ರ ಬರೆದುಕೊಟ್ಟರು. ಜುಲೈ 9ರಂದು ಕಾರ್ಖಾನೆಯ ಪರೀಕ್ಷೆ: ಇನ್ನೂರು ಮುಚ್ಚಳಗಳಲ್ಲಿ ಕೆಟ್ಟದ್ದು ಹನ್ನೆರಡು, ಹತ್ತು ಸಿಕ್ಕರೆ ಸಾಕು. ನನಗೆ ಹನ್ನೊಂದು ಸಿಕ್ಕಿದವು. ಮೊದಲು ಹನ್ನೆರಡೂ ಸಿಗುತ್ತಿದ್ದವು. ಆ ಒಂದು ಮುಚ್ಚಳವನ್ನು ಕೇಳಿ ತೆಗೆದುಕೊಂಡು ಬಂದಿದ್ದೇನೆ, ಮೇಜಿನ ಮೇಲಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು.

ಈಗ ಮತ್ತೆ ಗೌರಿಬಿದನೂರಿನ ರೂಮಿನಲ್ಲಿದ್ದೇನೆ. ಹೆಸರುಗಳು ಇನ್ನೂ ತಪ್ಪುತ್ತವೆ, ತಿಂಗಳಿಗೆ ಮೂರು ನಾಲ್ಕು. ಮಾತ್ರೆ ಇನ್ನೂ ಇದೆ. ಸಂಜೆ ಐದೂವರೆಗೆ ಫೋನ್ ಮಾಡಿ, ಆ ಕಡೆ ಟ್ಯಾಬಿನಲ್ಲಿ ಅಜ್ಜಿ, ಈ ಕಡೆ ನನ್ನ ಫೋನಿನಲ್ಲಿ ನಾನು ಒಂದೊಂದು ಆಟ ಆಡುತ್ತೇವೆ. ಇದುವರೆಗಿನ ಲೆಕ್ಕ: ಅಜ್ಜಿ 58 ಗೆಲುವು, ನಾನು 41.

ಒಂದು ಪ್ರಶ್ನೆಗೆ ಮಾತ್ರ ನನ್ನ ದಿನಚರಿಯಲ್ಲಿ ಉತ್ತರವಿಲ್ಲ. ಆ ಹನ್ನೊಂದು ಮುಚ್ಚಳಗಳನ್ನು ನನಗೆ ತೋರಿಸಿದ್ದು ಟ್ಯಾಬಿನ ಹಕ್ಕಿಗಳೋ, ಅಜ್ಜಿಯ ಹುಳುಗಳೋ, ಅಥವಾ ಸುಮ್ಮನೆ ಕಳೆದ ಐದು ತಿಂಗಳೋ? ಆಟದಲ್ಲಿ ಏರಿದ ಅಂಕ ಆಟದ ಹೊರಗೂ ನಮ್ಮ ಜೊತೆ ಬರುತ್ತದೆಯೇ? ಮೇಡಂ ಅವರನ್ನು ಕೇಳಿದೆ. ಖಚಿತವಾಗಿ ಹೇಳಲಾರೆ ಎಂದರು. ಇಂಥ ಕಾಯಿಲೆಯಿಂದ ಎದ್ದವರು, ಎದ್ದವರನ್ನು ನೋಡಿಕೊಂಡವರು, ಇದರ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಎಪ್ಪತ್ತು ದಾಟಿದವರಲ್ಲಿ ಯಾರಾದರೂ 74ಕ್ಕಿಂತ ಹೆಚ್ಚು ಹಕ್ಕಿ ಹಿಡಿದಿದ್ದರೆ ಅದನ್ನೂ ತಿಳಿಸಬೇಕೆಂದು ಅಜ್ಜಿ ಹೇಳಿದ್ದಾರೆ. ತಾರೀಖು, ಸಮಯ, ಅಂಕ ಹಾಕಿ ಬರೆಯಿರಿ. ಆ ಹೊತ್ತು ಆಡಿದ್ದು ಯಾರು ಎನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ.